ಬಿಗಿಯಾದ ಟಯರು ರಿಮ್ಮಿಗೆ ಕೂರುವುದು ಹೇಗೆ?

ಮಕ್ಕಳೇ, ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತು ಟಯರು ಹಾಕುವುದನ್ನು ನೀವು ನೋಡಿರಬಹುದು. ಹೊಸ ಟಯರಿನ ಬಹುಪಾಲು ರಿಮ್ಮಿನೊಳಗೆ ಸುಲಭವಾಗಿ ಸೇರುತ್ತದೆ. ಆದರೆ ಕೊನೆಯ ಒಂದು ಗೇಣು ಮಾತ್ರ ಹಟ ಹಿಡಿಯುತ್ತದೆ. ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ. ಕೆಲವರು ಆಗ ಸ್ಕ್ರೂಡ್ರೈವರ್ ತೂರಿಸಿ ಬಲವಾಗಿ ಮೀಟುತ್ತಾರೆ. ಟಯರು ಒಳಗೆ ಹೋಗುತ್ತದೆ, ಗಾಳಿಯನ್ನೂ ತುಂಬುತ್ತಾರೆ. ಸ್ವಲ್ಪ ಹೊತ್ತಿನಲ್ಲಿ 'ಸುಸ್' ಎಂಬ ಸದ್ದು! ಟ್ಯೂಬು ಮತ್ತೆ ಪಂಕ್ಚರ್. ಮರುದಿನ ಶಾಲೆಗೆ ನಡೆದುಕೊಂಡೇ ಹೋಗಬೇಕು.

ಅನುಭವಿ ಮೆಕ್ಯಾನಿಕ್ ಇದೇ ಟಯರನ್ನು ಎರಡೇ ನಿಮಿಷದಲ್ಲಿ ಕೂರಿಸುತ್ತಾರೆ. ಅವರ ತೋಳಿನಲ್ಲಿ ಹೆಚ್ಚು ಶಕ್ತಿ ಇದೆಯೇ? ಇಲ್ಲ. ಅವರ ಕೈಗೆ ಎರಡು ವಿಷಯ ತಿಳಿದಿದೆ. ಒಂದು, ಜಾಗ ಎಲ್ಲಿದೆ ಎಂಬುದು. ಇನ್ನೊಂದು, ಬಲವನ್ನು ಎಲ್ಲಿ ಹಾಕಬೇಕು ಎಂಬುದು. ಮೊದಲನೆಯದು ಗಣಿತ, ಎರಡನೆಯದು ವಿಜ್ಞಾನ. ಎರಡನ್ನೂ ಇಂದು ಕಲಿಯೋಣ.

ಟಯರಿನ ಅಂಚಿನಲ್ಲಿ ಏನಿದೆ?

ಹಳೆಯ ಸೈಕಲ್ ಟಯರು ಸಿಕ್ಕರೆ ಅದರ ಒಳ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ರಬ್ಬರಿನ ಒಳಗೆ ಗಟ್ಟಿಯಾದ ಏನೋ ಒಂದು ತಗಲುತ್ತದೆ. ಅದು ಉಕ್ಕಿನ ತಂತಿಯ ಬಳೆ. ಟಯರಿನ ಎರಡು ಬದಿಗೆ ಎರಡು ಬಳೆಗಳಿರುತ್ತವೆ. ತಂತಿ ಇರುವ ಈ ಅಂಚಿಗೆ 'ಬೀಡ್' ಎಂದು ಹೆಸರು. ಮಡಚಿ ಇಡಬಹುದಾದ ಕೆಲವು ಟಯರುಗಳಲ್ಲಿ ಉಕ್ಕಿನ ಬದಲು ಕೆವ್ಲಾರ್ ಎಂಬ ಬಲವಾದ ನಾರನ್ನು ಬಳಸುತ್ತಾರೆ.

ರಬ್ಬರು ಹಿಗ್ಗುತ್ತದೆ, ಆದರೆ ಈ ತಂತಿ ಹಿಗ್ಗುವುದಿಲ್ಲ. ಹಿಗ್ಗಲೂಬಾರದು! ಏಕೆ ಗೊತ್ತೇ? ಪಂಪು ಹೊಡೆದಾಗ ಟ್ಯೂಬಿನೊಳಗಿನ ಗಾಳಿ ಟಯರನ್ನು ಎಲ್ಲ ದಿಕ್ಕಿಗೂ ಜೋರಾಗಿ ಒತ್ತುತ್ತದೆ. ಅಂಚು ಹಿಗ್ಗುವಂತಿದ್ದರೆ ಟಯರು ರಿಮ್ಮಿನಿಂದ ಹಾರಿಯೇ ಹೋಗುತ್ತಿತ್ತು. ಟಯರು ಹಾಕುವಾಗ ನಮ್ಮನ್ನು ಕಾಡುವ ಈ ತಂತಿಯೇ ಸವಾರಿ ಮಾಡುವಾಗ ನಮ್ಮನ್ನು ಕಾಪಾಡುತ್ತದೆ.

ಈಗ ಟಯರಿನ ಬದಿಯನ್ನು ಗಮನಿಸಿ. ಅಲ್ಲಿ ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕಾಣುವ ದೊಡ್ಡ ಸೈಕಲ್ಲುಗಳ ಟಯರಿನ ಮೇಲೆ 40-635 ಎಂದು ಇರಬಹುದು. 40 ಎಂದರೆ ಟಯರಿನ ಅಗಲ 40 ಮಿ.ಮೀ. 635 ಎಂದರೆ ಬೀಡ್ ಕೂರುವ ಜಾಗದ ವ್ಯಾಸ 635 ಮಿ.ಮೀ. ಸುತ್ತಳತೆ ಎಷ್ಟು? ವ್ಯಾಸವನ್ನು 22/7 ರಿಂದ ಗುಣಿಸಿ. ಸುಮಾರು 1996 ಮಿ.ಮೀ. ಬರುತ್ತದೆ. ಅಂದರೆ ನಿಮ್ಮ ಟಯರಿನಲ್ಲಿ ಸುಮಾರು 2 ಮೀಟರ್ ಸುತ್ತಳತೆಯ ಉಕ್ಕಿನ ಬಳೆ ಇದೆ!

ಬೀಡ್ ಹೊರಗೆ ಜಾರದಿರಲೆಂದು ರಿಮ್ಮಿನ ಎರಡೂ ಬದಿಗೆ ಎತ್ತರದ ಅಂಚು ಇರುತ್ತದೆ. ಈ ಅಂಚು ಬೀಡ್ ಕೂರುವ ಜಾಗಕ್ಕಿಂತ 6 ಮಿ.ಮೀ. ಎತ್ತರ ಇದೆ ಎಂದಿಟ್ಟುಕೊಳ್ಳೋಣ. ಆಗ ಅಂಚಿನ ವ್ಯಾಸ 12 ಮಿ.ಮೀ. ಹೆಚ್ಚು. ಸುತ್ತಳತೆಯಲ್ಲಿ ವ್ಯತ್ಯಾಸ 12 × 22/7, ಅಂದರೆ ಸುಮಾರು 38 ಮಿ.ಮೀ. ಹಿಗ್ಗದ ಬಳೆಯೊಂದು ತನಗಿಂತ 38 ಮಿ.ಮೀ. ಹೆಚ್ಚು ಸುತ್ತಳತೆ ಇರುವ ಅಂಚನ್ನು ದಾಟಿ ಒಳಗೆ ಹೋಗಬೇಕು. ಇದು ಹೇಗೆ ಸಾಧ್ಯ?

ಕಮ್ಮಾರನ ಉಪಾಯ, ಬಳೆಗಾರನ ಉಪಾಯ

ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನಿಗೂ ಇಂಥದೇ ಸಮಸ್ಯೆ. ಪಟ್ಟಿಯು ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿರುತ್ತದೆ. ಆತ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸುತ್ತಾನೆ. ಕಬ್ಬಿಣ ಹಿಗ್ಗುತ್ತದೆ. ಅದನ್ನು ಚಕ್ರಕ್ಕೆ ತೊಡಿಸಿ ನೀರು ಸುರಿದಾಗ ಕುಗ್ಗಿ ಬಿಗಿಯಾಗುತ್ತದೆ. ಇಲ್ಲಿ ಬಳೆಯನ್ನೇ ದೊಡ್ಡದು ಮಾಡಲಾಗುತ್ತದೆ.

ಸೈಕಲ್ ಟಯರಿಗೆ ಈ ಉಪಾಯ ನಡೆಯದು. ಒಂದು ಮೀಟರ್ ಉದ್ದದ ಕಬ್ಬಿಣವನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ಅದು ಹಿಗ್ಗುವುದು ಸುಮಾರು 1.2 ಮಿ.ಮೀ. ಮಾತ್ರ. ನಮ್ಮ ತಂತಿ 38 ಮಿ.ಮೀ. ಹಿಗ್ಗಬೇಕಾದರೆ ಸಾವಿರ ಡಿಗ್ರಿಗೂ ಹೆಚ್ಚು ಕಾಯಿಸಬೇಕು. ಅದಕ್ಕೆ ಎಷ್ಟೋ ಮೊದಲೇ ರಬ್ಬರು ಸುಟ್ಟು ಹೋಗಿರುತ್ತದೆ.

ಈಗ ಜಾತ್ರೆಯ ಬಳೆ ಅಂಗಡಿಯನ್ನು ನೆನಪಿಸಿಕೊಳ್ಳಿ. ಗಾಜಿನ ಬಳೆ ಹಿಗ್ಗುವುದಿಲ್ಲ. ಕಾಯಿಸುವಂತೆಯೂ ಇಲ್ಲ. ಬಲ ಹಾಕಿದರೆ ಒಡೆದು ಕೈಗೆ ಚುಚ್ಚುತ್ತದೆ. ಆದರೂ ಬಳೆಗಾರ ಅಂಗೈಗಿಂತ ಚಿಕ್ಕ ಬಳೆಯನ್ನು ಕೈಗೆ ಏರಿಸುತ್ತಾನಲ್ಲ! ಆತ ಏನು ಮಾಡುತ್ತಾನೆ? ಹೆಬ್ಬೆರಳನ್ನು ಅಂಗೈಯ ಗುಳಿಯೊಳಗೆ ಮಡಚುತ್ತಾನೆ. ಬಳೆ ದೊಡ್ಡದಾಗಲಿಲ್ಲ, ಕೈ ಚಿಕ್ಕದಾಯಿತು. ಅಂಗೈಯಲ್ಲಿ ಇರುವ ಜಾಗವನ್ನು ಆತ ಬಳಸಿಕೊಂಡ.

ಸೈಕಲ್ ಮೆಕ್ಯಾನಿಕ್ ಮಾಡುವುದೂ ಇದನ್ನೇ. ರಿಮ್ಮಿನ ಅಂಗೈ ಎಲ್ಲಿದೆ? ಬನ್ನಿ, ಹುಡುಕೋಣ.

ರಿಮ್ಮಿನ ನಡುವೆ ಒಂದು ತಗ್ಗು

ಟಯರು ಇಲ್ಲದ ರಿಮ್ಮನ್ನು ನೋಡಿ. ಅದರ ಒಳಭಾಗ ಚಪ್ಪಟೆಯಾಗಿಲ್ಲ. ಎರಡು ಬದಿಗೆ ಬೀಡ್ ಕೂರುವ ಜಾಗ, ನಡುವೆ ಸುತ್ತಲೂ ಹರಿಯುವ ಕಾಲುವೆಯಂಥ ತಗ್ಗು. ಕಡ್ಡಿಗಳ ತುದಿಗಳು ಕಾಣುವುದು ಈ ತಗ್ಗಿನಲ್ಲೇ. ಗಾಳಿ ತುಂಬಿದ ಮೇಲೆ ಬೀಡ್ ಬದಿಗೆ ಸರಿದು ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಟಯರು ಹಾಕುವಾಗ ಬೀಡನ್ನು ನಡುವಿನ ತಗ್ಗಿಗೆ ಇಳಿಸಬಹುದು.

ತಗ್ಗು ಕೇವಲ 4 ಮಿ.ಮೀ. ಆಳವಿದೆ ಎಂದುಕೊಳ್ಳಿ. ಆಗ ಅಲ್ಲಿಯ ವ್ಯಾಸ 8 ಮಿ.ಮೀ. ಕಡಿಮೆ. ಸುತ್ತಳತೆ 8 × 22/7, ಅಂದರೆ ಸುಮಾರು 25 ಮಿ.ಮೀ. ಕಡಿಮೆ. ಬೀಡ್ ಸುತ್ತಲೂ ತಗ್ಗಿನಲ್ಲಿ ಇಳಿದರೆ ನಮಗೆ 25 ಮಿ.ಮೀ. ಸಡಿಲ ಸಿಗುತ್ತದೆ! ಬೆರಳಿನ ಉಗುರಿಗಿಂತ ಕಡಿಮೆ ಆಳದ ತಗ್ಗಿನಿಂದ ಎರಡೂವರೆ ಸೆಂ.ಮೀ. ಲಾಭ.

ಈ ಸಡಿಲವನ್ನು ಕೈಯಿಂದ ಸವರುತ್ತಾ ಒಂದೇ ಕಡೆಗೆ, ಅಂದರೆ ಇನ್ನೂ ಹೊರಗೆ ಉಳಿದಿರುವ ಭಾಗದ ಕಡೆಗೆ ತರಬೇಕು. ಆಗ ಅಲ್ಲಿ ಬೀಡ್ ಮೇಲೆದ್ದು ಅಂಚನ್ನು ದಾಟುತ್ತದೆ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿಗಳು: ಗುಂಡನೆಯ ಡಬ್ಬಿ, ಬಕೆಟ್ಟು, ಹಳೆಯ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಗಳು, ಹಿಗ್ಗದ ದಾರ, ಅಳತೆ ಪಟ್ಟಿ.

ಡಬ್ಬಿಯ ಸುತ್ತ ಟ್ಯೂಬಿನ ಪಟ್ಟಿಯನ್ನು ಎಳೆಯದೆ, 4 ಮಿ.ಮೀ. ದಪ್ಪ ಬರುವ ತನಕ ಸುತ್ತಿ. ಅದರ ಮೇಲೆ ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಈಗ ದಾರವನ್ನು ಬಿಚ್ಚದೆ ಪಟ್ಟಿಯನ್ನು ಮೆಲ್ಲಗೆ ಎಳೆದು ತೆಗೆಯಿರಿ. ದಾರ ಸಡಿಲವಾಯಿತು. ಸಡಿಲವನ್ನೆಲ್ಲ ಒಂದೇ ಕಡೆಗೆ ತಂದು ದಾರವನ್ನು ಬೆರಳಿನಿಂದ ಹೊರಕ್ಕೆ ಎಳೆಯಿರಿ. ಅದು ಡಬ್ಬಿಯಿಂದ 2 ರಿಂದ 3 ಸೆಂ.ಮೀ. ದೂರಕ್ಕೆ ಬರುತ್ತದೆ. ಇನ್ನು ದಾರವನ್ನು ಡಬ್ಬಿಗೆ ಬಿಗಿಯಾಗಿ ಹಿಡಿದು, ಎಷ್ಟು ಉದ್ದ ಮಿಕ್ಕಿತು ಎಂದು ಅಳೆಯಿರಿ.

ಇದೇ ಪ್ರಯೋಗವನ್ನು ಬಕೆಟ್ಟಿನ ಮೇಲೂ ಮಾಡಿ. ಮಾಡುವ ಮೊದಲು ಊಹಿಸಿ: ಬಕೆಟ್ಟು ದೊಡ್ಡದು, ಹಾಗಾದರೆ ಸಡಿಲವೂ ಹೆಚ್ಚು ಸಿಗುತ್ತದೆಯೇ?

ಎರಡರಲ್ಲೂ ಸುಮಾರು 25 ಮಿ.ಮೀ.! ಅಚ್ಚರಿಯಾಯಿತೇ? ಸಡಿಲ ಎಷ್ಟು ಎಂಬುದನ್ನು ನಿರ್ಧರಿಸುವುದು ಪಟ್ಟಿಯ ದಪ್ಪ ಮಾತ್ರ. ವೃತ್ತದ ಗಾತ್ರ ಎಷ್ಟೇ ಇರಲಿ, ವ್ಯಾಸ 8 ಮಿ.ಮೀ. ಕಡಿಮೆಯಾದರೆ ಸುತ್ತಳತೆ ಕಡಿಮೆಯಾಗುವುದು 8 × 22/7 ಮಿ.ಮೀ. ಅಷ್ಟೆ. ಆದ್ದರಿಂದ ಮಕ್ಕಳ ಚಿಕ್ಕ ಸೈಕಲ್ಲಿಗೂ ದೊಡ್ಡ ಸೈಕಲ್ಲಿಗೂ ಈ ಉಪಾಯ ಒಂದೇ.

ಹಾಗಿದ್ದರೂ ಟಯರು ಬಿಗಿ ಏಕೆ?

ದಾರದ ಹಾಗೆ ಟಯರು ಮೆದುವಲ್ಲ. ಹೊಸ ಟಯರಿನ ಬದಿಗಳು ಗಡುಸಾಗಿರುತ್ತವೆ. ಬಿಟ್ಟ ಕೂಡಲೇ ಬೀಡ್ ತಗ್ಗಿನಿಂದ ಮೇಲೇರಿ ಬದಿಗೆ ಓಡುತ್ತದೆ. ಟ್ಯೂಬಿನಲ್ಲಿ ಗಾಳಿ ಹೆಚ್ಚಿದ್ದರೆ ತಗ್ಗನ್ನು ಟ್ಯೂಬೇ ತುಂಬಿಕೊಂಡಿರುತ್ತದೆ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿಗೆ ಸುತ್ತುವ ಪಟ್ಟಿ ತುಂಬಾ ದಪ್ಪವಾಗಿದ್ದರೂ ತಗ್ಗಿನ ಆಳ ಕಡಿಮೆಯಾಗುತ್ತದೆ. ಒಂದು ಮಿ.ಮೀ. ಆಳ ಹೋದರೆ ಸುಮಾರು 6 ಮಿ.ಮೀ. ಸಡಿಲ ಹೋದಂತೆ!

ಇನ್ನೊಂದು ಜಾಗವಿದೆ. ಅದು ವಾಲ್ವ್ ಇರುವ ಜಾಗ. ಅಲ್ಲಿ ಟ್ಯೂಬು ದಪ್ಪವಾಗಿರುವುದರಿಂದ ಬೀಡ್ ತಗ್ಗಿಗೆ ಇಳಿಯಲಾರದು. ಅದಕ್ಕೇ ಟಯರು ಹಾಕುವುದನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಬೇಕು. ವಾಲ್ವಿನ ಬಳಿಯೇ ಆರಂಭಿಸಿದರೆ ಆ ಭಾಗದ ಸಡಿಲ ನಮಗೆ ಸಿಗುವುದೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೊನೆಯ ನಾಲ್ಕು ಬೆರಳಿನಷ್ಟು ಭಾಗ ಹೊರಗೇ ಉಳಿದರೆ? ಆಗ ಬೇಕು ಉಪಕರಣ.

ಉಪಕರಣದ ಒಳಗಿನ ಸನ್ನೆ

ಸರಳ ಯಂತ್ರಗಳ ಪಾಠದಲ್ಲಿ ನೀವು ಸನ್ನೆಯ ಬಗ್ಗೆ ಓದಿದ್ದೀರಿ. ಸನ್ನೆಗೆ ಮೂರು ಮುಖ್ಯ ಸ್ಥಾನಗಳು: ಆಧಾರ ಬಿಂದು, ಭಾರ, ಬಲ. ಇವುಗಳಲ್ಲಿ ಯಾವುದು ನಡುವೆ ಇದೆ ಎಂಬುದರ ಮೇಲೆ ಸನ್ನೆಯ ವರ್ಗ ತಿಳಿಯುತ್ತದೆ.

ಟಯರು ಬಿಚ್ಚಲು ಬಳಸುವ ಚಪ್ಪಟೆ ಟಯರ್ ಲಿವರ್ ಮೊದಲನೆಯ ವರ್ಗದ ಸನ್ನೆ. ಅದರ ತುದಿ ಬೀಡಿನ ಕೆಳಗೆ ಹೋಗುತ್ತದೆ. ರಿಮ್ಮಿನ ಅಂಚು ಆಧಾರ ಬಿಂದು. ಹಿಡಿಯನ್ನು ಕಡ್ಡಿಗಳ ಕಡೆಗೆ ಒತ್ತಿದಾಗ ಬೀಡ್ ಮೇಲೇಳುತ್ತದೆ. ಹಾರೆಯಿಂದ ಬಂಡೆ ಮೀಟುವಂತೆಯೇ ಇದು. ಬಿಚ್ಚಲು ಇದು ಒಳ್ಳೆಯ ಸಾಧನ. ಆದರೆ ಬಿಗಿಯಾದ ಟಯರನ್ನು ಹಾಕಲು ಇದನ್ನೇ ಬಳಸಿದರೆ ತುದಿಯು ಟ್ಯೂಬು ಇರುವ ಕಡೆಗೇ ಚಾಚಿಕೊಳ್ಳುತ್ತದೆ. ತುದಿ ಮತ್ತು ರಿಮ್ಮಿನ ನಡುವೆ ಟ್ಯೂಬು ಸಿಕ್ಕಿದರೆ ತೂತು ಖಂಡಿತ. ಸ್ಕ್ರೂಡ್ರೈವರಿನ ಚೂಪು ತುದಿಯಂತೂ ಇನ್ನೂ ಅಪಾಯ.

ಟಯರು ಹಾಕಲೆಂದೇ ಮಾಡಿದ ಇನ್ನೊಂದು ಉಪಕರಣವಿದೆ. ಅದಕ್ಕೆ 'ಬೀಡ್ ಜ್ಯಾಕ್' ಎನ್ನುತ್ತಾರೆ. ಎಲ್ಲ ಅಂಗಡಿಗಳಲ್ಲೂ ಇದು ಇರುವುದಿಲ್ಲ, ಆದರೆ ಇದರ ರಚನೆ ತಿಳಿಯುವುದು ಸುಲಭ. ಉದ್ದನೆಯ ಒಂದು ಹಿಡಿ. ಅದರ ತುದಿಯಲ್ಲಿ ಒಂದು ಪಾದ. ಪಾದದ ಹತ್ತಿರವೇ ತಿರುಗುವ ಒಂದು ಕೊಕ್ಕೆ. ಪಾದವನ್ನು ರಿಮ್ಮಿನ ಆಚೆ ಬದಿಯ ಅಂಚಿನ ಮೇಲೆ ಊರಬೇಕು. ಕೊಕ್ಕೆಯನ್ನು ಈಚೆ ಬದಿಯಲ್ಲಿ ಹೊರಗೆ ಉಳಿದಿರುವ ಬೀಡಿನ ಕೆಳಗೆ ಸಿಕ್ಕಿಸಬೇಕು. ಹಿಡಿಯನ್ನು ಮೇಲೆತ್ತಿದರೆ ಕೊಕ್ಕೆಯು ಬೀಡನ್ನು ಎತ್ತಿ ಅಂಚನ್ನು ದಾಟಿಸುತ್ತದೆ.

ಇಲ್ಲಿ ಆಧಾರ ಬಿಂದು ಒಂದು ತುದಿಯಲ್ಲಿ, ಬಲ ಇನ್ನೊಂದು ತುದಿಯಲ್ಲಿ, ಭಾರ ನಡುವೆ. ಹಾಗಾದರೆ ಇದು ಎರಡನೆಯ ವರ್ಗದ ಸನ್ನೆ. ಅಜ್ಜಿಯ ಎಲೆ ಅಡಿಕೆ ತಟ್ಟೆಯಲ್ಲಿರುವ ಅಡಕತ್ತರಿಯೂ ಇದೇ ವರ್ಗದ್ದು. ಕೀಲು ಒಂದು ತುದಿ, ಕೈ ಇನ್ನೊಂದು ತುದಿ, ಅಡಿಕೆ ನಡುವೆ. ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟಷ್ಟೂ ಕತ್ತರಿಸುವುದು ಸುಲಭ.

ಲೆಕ್ಕ ಮಾಡೋಣ. ಸನ್ನೆಯ ನಿಯಮ ನೆನಪಿದೆಯಲ್ಲ?

ಬಲ × ಬಲ ಭುಜ = ಭಾರ × ಭಾರ ಭುಜ

ಪಾದದಿಂದ ಕೊಕ್ಕೆಗೆ 3 ಸೆಂ.ಮೀ., ಪಾದದಿಂದ ಕೈಗೆ 24 ಸೆಂ.ಮೀ. ಎಂದುಕೊಳ್ಳಿ. 24 ÷ 3 = 8. ಅಂದರೆ 5 ಕಿ.ಗ್ರಾಂ. ಎತ್ತುವಷ್ಟು ಬಲ ಹಾಕಿದರೆ ಕೊಕ್ಕೆಯ ಬಳಿ 40 ಕಿ.ಗ್ರಾಂ. ಎತ್ತುವಷ್ಟು ಬಲ ಸಿಗುತ್ತದೆ. ಹೆಬ್ಬೆರಳಿನಿಂದ ಅಷ್ಟು ಒತ್ತಲು ದೊಡ್ಡವರಿಗೂ ಕಷ್ಟ.

ಆದರೆ ಪ್ರಕೃತಿ ಯಾರಿಗೂ ಬಿಟ್ಟಿಯಾಗಿ ಏನನ್ನೂ ಕೊಡುವುದಿಲ್ಲ. ಬೀಡ್ 1 ಸೆಂ.ಮೀ. ಮೇಲೇಳಬೇಕಾದರೆ ಕೈ 8 ಸೆಂ.ಮೀ. ಚಲಿಸಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರುತ್ತೇವೆ.

ಇನ್ನೊಂದು ಅನುಕೂಲವನ್ನೂ ಗಮನಿಸಿ. ಕೊಕ್ಕೆಯು ಬೀಡನ್ನು ಹೊರಗಿನಿಂದ ಹಿಡಿಯುತ್ತದೆ. ಆದ್ದರಿಂದ ಟ್ಯೂಬು ಕಚ್ಚಿಕೊಳ್ಳುವ ಅಪಾಯ ಬಹಳ ಕಡಿಮೆ.

ಮಾಡಿ ನೋಡಿ – 2

30 ಸೆಂ.ಮೀ. ಉದ್ದದ ಗಟ್ಟಿ ಕೋಲಿನ ಒಂದು ತುದಿಯನ್ನು ಮೇಜಿನ ಅಂಚಿನ ಮೇಲೆ ಇಡಿ. ಅದು ಜಾರದಂತೆ ಗೆಳೆಯರೊಬ್ಬರು ಹಿಡಿದುಕೊಳ್ಳಲಿ. ಮೇಜಿನ ಅಂಚಿನಿಂದ 3 ಸೆಂ.ಮೀ. ದೂರದಲ್ಲಿ 1 ಕಿ.ಗ್ರಾಂ. ಕಲ್ಲು ತುಂಬಿದ ಚೀಲವನ್ನು ತೂಗುಹಾಕಿ. ಈಗ ಕೋಲು ಅಡ್ಡಲಾಗಿ ನಿಲ್ಲುವಂತೆ ಒಂದೇ ಬೆರಳಿನಿಂದ ಎತ್ತಿ ಹಿಡಿಯಿರಿ: ಮೊದಲು ಅಂಚಿನಿಂದ 6 ಸೆಂ.ಮೀ. ದೂರದಲ್ಲಿ, ನಂತರ 12, ಕೊನೆಗೆ 24 ಸೆಂ.ಮೀ. ದೂರದಲ್ಲಿ. ಬೆರಳಿಗೆ ಆಗುವ ವ್ಯತ್ಯಾಸವನ್ನು ಗಮನಿಸಿ. ಶಾಲೆಯಲ್ಲಿ ಸ್ಪ್ರಿಂಗ್ ತ್ರಾಸು ಇದ್ದರೆ ಬೆರಳಿನ ಬದಲು ಅದರಿಂದ ಎತ್ತಿ. ಸುಮಾರು 500, 250, 125 ಗ್ರಾಂ ತೋರಿಸಬೇಕು. ಕೋಲಿನ ತೂಕವೂ ಸೇರುವುದರಿಂದ ಸ್ವಲ್ಪ ಹೆಚ್ಚು ಬರಬಹುದು.

ಟಯರು ಹಾಕುವ ಕ್ರಮ

1. ಹಳೆಯ ಟಯರಿನ ಒಳಗೆ ಮುಳ್ಳು, ಗಾಜು, ತಂತಿ ಇಲ್ಲವೆಂದು ಬಟ್ಟೆಯಿಂದ ಸವರಿ ನೋಡಿ. ರಿಮ್ಮಿನ ಪಟ್ಟಿ ಸರಿಯಾಗಿದೆಯೇ ಪರೀಕ್ಷಿಸಿ.

2. ಟಯರಿನ ಒಂದು ಬದಿಯ ಬೀಡನ್ನು ಪೂರ್ತಿಯಾಗಿ ರಿಮ್ಮಿನೊಳಗೆ ಸೇರಿಸಿ.

3. ಟ್ಯೂಬಿಗೆ ಅದು ಗುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ. ಪೂರ್ತಿ ಖಾಲಿ ಟ್ಯೂಬು ಮಡಚಿಕೊಂಡು ಬೀಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ವಾಲ್ವನ್ನು ತೂತಿನಲ್ಲಿ ನೇರವಾಗಿ ಇಟ್ಟು ಟ್ಯೂಬನ್ನು ಒಳಗೆ ಸೇರಿಸಿ.

4. ಎರಡನೆಯ ಬೀಡನ್ನು ವಾಲ್ವಿನ ಎದುರು ಬದಿಯಿಂದ ಹಾಕುತ್ತಾ ಬನ್ನಿ. ಎರಡೂ ಕೈಗಳು ಎರಡೂ ಕಡೆಯಿಂದ ವಾಲ್ವಿನತ್ತ ಸಾಗಲಿ.

5. ಬಿಗಿಯಾಯಿತೇ? ನಿಲ್ಲಿಸಿ. ಟ್ಯೂಬಿನ ಗಾಳಿಯನ್ನು ಇನ್ನಷ್ಟು ಬಿಡಿ. ಮತ್ತೆ ಎದುರು ಬದಿಗೆ ಹೋಗಿ ಟಯರನ್ನು ಹಿಂಡುತ್ತಾ ಬೀಡನ್ನು ತಗ್ಗಿಗೆ ಇಳಿಸಿ. ಸಡಿಲವನ್ನು ಸವರುತ್ತಾ ವಾಲ್ವಿನ ಕಡೆಗೆ ತನ್ನಿ. ಅನೇಕ ಬಾರಿ ಇಷ್ಟರಲ್ಲೇ ಟಯರು ಕೂರುತ್ತದೆ.

6. ಇನ್ನೂ ಉಳಿದರೆ ಬೀಡ್ ಜ್ಯಾಕ್ ಬಳಸಿ. ಹೊರಗಿರುವ ಭಾಗದ ಒಂದು ತುದಿಯಿಂದ ಆರಂಭಿಸಿ ಎರಡೆರಡು ಬೆರಳಿನಷ್ಟೇ ಮುಂದುವರಿಯಿರಿ. ಒಳಗೆ ಹೋದ ಭಾಗ ಹೊರಬರದಂತೆ ಇನ್ನೊಂದು ಕೈಯಿಂದ ಹಿಡಿಯಿರಿ.

7. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಸುತ್ತಲೂ ಟಯರನ್ನು ಪಕ್ಕಕ್ಕೆ ಸರಿಸಿ ನೋಡಿ. ಎಲ್ಲಾದರೂ ಟ್ಯೂಬು ಇಣುಕುತ್ತಿದ್ದರೆ ಗಾಳಿ ತುಂಬಬೇಡಿ.

8. ಅರ್ಧ ಗಾಳಿ ತುಂಬಿ ಚಕ್ರ ತಿರುಗಿಸಿ. ಟಯರಿನ ಬದಿಯಲ್ಲಿರುವ ತೆಳುವಾದ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿ ಇರಬೇಕು. ಸರಿಯಿದ್ದರೆ ಪೂರ್ತಿ ಗಾಳಿ ತುಂಬಿ. ಟಯರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮೀರಬೇಡಿ.

ಎಚ್ಚರಿಕೆ

ಈ ಕೆಲಸವನ್ನು ದೊಡ್ಡವರ ಜೊತೆಯಲ್ಲೇ ಮಾಡಿ. ಹಿಡಿ ಜಾರಿದರೆ ಮುಖಕ್ಕೆ ಬಡಿಯಬಹುದು. ಆದ್ದರಿಂದ ಉಪಕರಣದ ನೇರಕ್ಕೆ ಮುಖ ಇಡಬೇಡಿ. ಟಯರಿನ ಅಂಚನ್ನು ಸುತ್ತಿಗೆಯಿಂದ ಬಡಿಯಬೇಡಿ. ತಂತಿ ಬಾಗಿದರೆ ಅಥವಾ ತುಂಡಾದರೆ ಅದು ಹೊರಗೆ ಕಾಣುವುದಿಲ್ಲ. ಆದರೆ ಗಾಳಿ ತುಂಬಿದಾಗ ಅಥವಾ ಇಳಿಜಾರಿನಲ್ಲಿ ಹೋಗುವಾಗ ಟಯರು ರಿಮ್ಮಿನಿಂದ ಕಳಚಿಕೊಳ್ಳಬಹುದು. ತಂತಿ ಕೆಟ್ಟ ಟಯರನ್ನು ಮತ್ತೆ ಬಳಸಲೇಬಾರದು.

ಈ ತಗ್ಗನ್ನು ಯಾರು ಯೋಚಿಸಿದರು?

ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿದ್ದರು. ಮಗನ ಮೂರು ಚಕ್ರದ ಸೈಕಲ್ಲಿಗೆ ಅವರು ಗಾಳಿ ತುಂಬಿದ ಟಯರು ಮಾಡಿ, 1888ರಲ್ಲಿ ಪೇಟೆಂಟ್ ಪಡೆದರು. ಸವಾರಿ ಹಿತವಾಯಿತು. ಆದರೆ ಆ ಟಯರನ್ನು ರಿಮ್ಮಿಗೆ ಅಂಟಿಸಲಾಗುತ್ತಿತ್ತು. ಪಂಕ್ಚರ್ ಆದರೆ ಅಂಟು ಬಿಡಿಸಿ, ತೇಪೆ ಹಾಕಿ, ಮತ್ತೆ ಅಂಟಿಸಿ, ಒಣಗುವ ತನಕ ಗಂಟೆಗಟ್ಟಲೆ ಕಾಯಬೇಕು!

1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅವರು ಅಂಚಿನಲ್ಲಿ ತಂತಿ ಇರುವ ಟಯರು ಮತ್ತು ಅದಕ್ಕೆ ಹೊಂದುವ, ನಡುವೆ ತಗ್ಗಿರುವ ರಿಮ್ಮಿಗೆ ಪೇಟೆಂಟ್ ಪಡೆದರು. ಅಂಟು ಬೇಡವಾಯಿತು. ಫ್ರಾನ್ಸಿನ ಮಿಷೆಲಿನ್ ಸಹೋದರರೂ ಬಿಚ್ಚಿ ಹಾಕಬಹುದಾದ ಬೇರೊಂದು ಬಗೆಯ ಟಯರು ಮಾಡಿದರು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳಿ ಪ್ಯಾರಿಸ್‌ಗೆ ಬರುವ ಸುಮಾರು 1200 ಕಿ.ಮೀ. ಸೈಕಲ್ ಓಟವನ್ನು ಚಾರ್ಲ್ಸ್ ಟೆರ‍್ರೋ ಅವರು ಆ ಟಯರಿನ ಮೇಲೆಯೇ ಗೆದ್ದರು. ದಾರಿಯಲ್ಲೇ ಟಯರು ರಿಪೇರಿ ಮಾಡಬಹುದು ಎಂದು ಜನ ನಂಬಿದರು.

ಸೈಕಲ್ ಬಹುಬೇಗ ಸಾಮಾನ್ಯರ ವಾಹನವಾಯಿತು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾದಾಗ ದೂರದ ಹಳ್ಳಿಗಳ ಎಷ್ಟೋ ಮಕ್ಕಳ ಪಾಲಿಗೆ ಪ್ರೌಢಶಾಲೆ ಹತ್ತಿರವಾಯಿತು. ಆದರೆ ಸೈಕಲ್ ಇದ್ದರೆ ಸಾಲದು. ಅದು ಓಡುವಂತೆ ಇಟ್ಟುಕೊಳ್ಳುವುದೂ ತಿಳಿದಿರಬೇಕು. ಈ ಕೆಲಸ ಹುಡುಗರದು ಮಾತ್ರವಲ್ಲ. ಹುಡುಗಿಯರೇ, ನೀವೂ ಕಲಿಯಿರಿ. ಸನ್ನೆಯ ನಿಯಮ ಎಲ್ಲರಿಗೂ ಒಂದೇ.

ನೆನಪಿಡಿ: ಉಪಕರಣ ತಂತಿಯನ್ನು ಹಿಗ್ಗಿಸುವುದಿಲ್ಲ. ನಾವು ಹುಡುಕಿಕೊಟ್ಟ ಸಡಿಲವನ್ನು ಅದು ಬಳಸಿಕೊಳ್ಳುತ್ತದೆ, ಅಷ್ಟೆ. ಮೊದಲು ಜಾಗ ಮಾಡಿ, ಆಮೇಲೆ ಬಲ ಹಾಕಿ.

ಯೋಚಿಸಿ ಉತ್ತರಿಸಿ

1. ರಿಮ್ಮಿನ ತಗ್ಗು 5 ಮಿ.ಮೀ. ಆಳವಿದ್ದರೆ ಎಷ್ಟು ಸಡಿಲ ಸಿಗುತ್ತದೆ?

2. ಬೀಡ್ ಜ್ಯಾಕ್‌ನ ಹಿಡಿಯನ್ನು ಪಾದದಿಂದ 12 ಸೆಂ.ಮೀ. ದೂರದಲ್ಲಿ ಹಿಡಿದರೆ, 40 ಕಿ.ಗ್ರಾಂ. ಎತ್ತುವಷ್ಟು ಬಲ ಪಡೆಯಲು ಎಷ್ಟು ಬಲ ಹಾಕಬೇಕು?

3. ನಿಮ್ಮ ಮನೆಯಲ್ಲಿ ಮತ್ತು ಹೊಲದಲ್ಲಿ ಇರುವ ಎರಡನೆಯ ವರ್ಗದ ಸನ್ನೆಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರಲ್ಲೂ ಆಧಾರ ಬಿಂದು, ಭಾರ, ಬಲ ಎಲ್ಲಿವೆ ಎಂದು ಚಿತ್ರ ಬರೆದು ಗುರುತಿಸಿ.

4. ನಿಮ್ಮ ಊರಿನ ಸೈಕಲ್ ಮೆಕ್ಯಾನಿಕ್ ಟಯರು ಹಾಕುವುದನ್ನು ನೋಡಿ. ಅವರು ಎಲ್ಲಿ ಆರಂಭಿಸಿ ಎಲ್ಲಿ ಮುಗಿಸುತ್ತಾರೆ? ಏಕೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.